ಅರಗು

ಅರಗಿನ ಕಡ್ಡಿ ಕರಗಿಸುವುದು ನನ್ನ ಕೆಲಸ.
ದುರ್ಗದ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ
ಉಯಿಲು, ಜಪ್ತಿಯಾದ ಮಚ್ಚು, ರಕ್ತ ಒಣಗಿದ ಲುಂಗಿ,
ಎಲ್ಲಕ್ಕೂ ಇದೇ ಕೆಂಪು ಬೊಟ್ಟು ಇಟ್ಟಿದ್ದೇನೆ.
ಬೆರಳ ತುದಿಗೆ ಈಗ ಬಿಸಿ ತಾಗುವುದಿಲ್ಲ.
ಅರಗು ಎಂದರೆ ಜೀರ್ಣವಾಗು ಎಂದೂ ಅರ್ಥ.
ನಮ್ಮಲ್ಲಿ ಎರಡೂ ನಡೆಯುತ್ತದೆ.

ಸೋಮವಾರ ಮೂವರು ಬಂದರು, ಕಪ್ಪು ಜೀಪಿನಲ್ಲಿ.
ಕಂದು ಲಕೋಟೆ. ಅದರೊಳಗೆ ಇನ್ನೊಂದಂತೆ,
ಅದರೊಳಗೆ ಮತ್ತೊಂದಂತೆ.
ಏಳು ಸುತ್ತಿನ ಕೋಟೆಯ ಊರು ನಮ್ಮದು,
ಸುತ್ತು ಎಣಿಸುವುದನ್ನು ಯಾರೂ ಕಲಿಸಬೇಕಿಲ್ಲ.

"ದೇಶದ ಭದ್ರತೆ" ಎಂದರು ಸರ್ಕಾರಿ ವಕೀಲರು
ಮನೆಯಲ್ಲಿ ಹೆಣವಿದ್ದಾಗ ಮಾತಾಡುವ ದನಿಯಲ್ಲಿ.
ಕೆಳಗೋಟೆಯ ಫೌಜಿಯಾ ಮೇಡಂ ಎದ್ದು ನಿಂತರು.
"ನನ್ನ ಕಕ್ಷಿದಾರ ಏನನ್ನು ಬಯಲು ಮಾಡಿದ?"
"ಅದು ಗೋಪ್ಯ."
"ಯಾವುದರ ಫೋಟೋ ತೆಗೆದ?"
"ಅದೂ ಗೋಪ್ಯ."
"ಹೋಗಲಿ, ಯಾವ ಹೊಲದಲ್ಲಿ?"
ಸರ್ಕಾರ ಒಂದು ಕ್ಷಣ ಯೋಚಿಸಿತು.
"ಹೇಳುವಂತಿಲ್ಲ."
ಹೊಲ ಯಾರದೆಂದು ಪಹಣಿಯಲ್ಲಿದೆ,
ತಾಲ್ಲೂಕು ಕಚೇರಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಸಾರ್ವಜನಿಕರೆಲ್ಲ ಹೊರಗೆ ಎಂದು ಕೂಗಿದವನೂ ನಾನೇ.
ಸಾರ್ವಜನಿಕರೆಂದರೆ ಅವತ್ತು ಒಬ್ಬಳು.
ಸಣ್ಣಪಾಲಮ್ಮ, ಹುಡುಗನ ತಾಯಿ,
ಚಳ್ಳಕೆರೆಯಾಚೆಯ ಹಟ್ಟಿಯಿಂದ ಮೊದಲ ಬಸ್ಸಿಗೆ ಬಂದವಳು.
ವರಾಂಡದ ಬೆಂಚಿಗೆ ಕೂರಿಸಿ ನೀರು ಕೊಟ್ಟೆ.
ಚೊಂಬು ಇಳಿಸಿ, ದನಿ ಇಳಿಸದೆ, ಶುರುಮಾಡಿದಳು:

"ಏನೈತಂತೆ ಅದ್ರೊಳಗೆ? ನಾನ್ ಹೇಳ್ತೀನಿ ಕೇಳಣ್ಣ.
ಶೇಂಗಾ ಕೀಳೋ ಹೊತ್ತು. ಮ್ಯಾಲಿಂದ ಬಿತ್ತು.
ಎರಡು ರೆಕ್ಕೆ, ಒಂದು ಮುರಿದಿತ್ತು.
ಹದ್ದು ಸತ್ತಂಗೆ ಅಂಗಾತ ಬಿದ್ದಿತ್ತು, ಸೀಮೆಎಣ್ಣೆ ವಾಸನೆ.
ಹಟ್ಟಿಗೆ ಹಟ್ಟಿನೇ ಬಂದು ನೋಡ್ತು.
ಪೂಜಾರಿ ಇರ್ಲಿ ಅಂತ ಒಂದು ಕಾಯಿ ಒಡೆದ.
ನನ್ನ ಗಾದ್ರಿ ಫೋನಾಗೆ ಹಿಡ್ಕಂಡ,
'ಇದು ಯಾರ್ದೋ ಬಂದು ತಗಂಡು ಹೋಗ್ರಿ' ಅಂತ ಬರೆದು ಬಿಟ್ಟ.
ತಪ್ಪಿಸ್ಕಂಡ ಎತ್ತು ಸಿಕ್ರೆ ಹಿಂಗೇ ಅಲ್ವ ಸಾರೋದು?
ಕಳಕಂಡೋರಿಗೆ ಹೇಳಾದು ತಪ್ಪಾ?"

ಪೇದೆ ಕಿಟಕಿಯಾಚೆ ನೋಡತೊಡಗಿದ.
ನನಗೆ ಬೆವರು.
ಒಳಗೆ ಮೂರು ಲಕೋಟೆಯಲ್ಲಿ ಕೂತಿದ್ದು
ಇಲ್ಲಿ ನೋಟೀಸ್ ಬೋರ್ಡಿನ ಕೆಳಗೆ
ಎಲೆ ಅಡಿಕೆ ಜಗಿಯುತ್ತ ಕೂತಿತ್ತು.

ಬೆಲ್ಲು ಬಾರಿಸಿತು. ಒಳಗೆ ಹೋದೆ.
ಸಾಹೇಬರು ಓದಿ ಮುಗಿಸಿದ್ದರು. ಒಂದೇ ಹಾಳೆ.
ತಿರುವಿ ಹಿಂಬದಿ ನೋಡಿದರು,
ಇನ್ನೂ ಏನೋ ಇರಬೇಕಿತ್ತು ಎಂಬಂತೆ.
ಕನ್ನಡಕ ತೆಗೆದು ಒರೆಸಿಕೊಂಡರು.
ಜಾಮೀನು ಇಲ್ಲ. ಮುಂದಿನ ತಿಂಗಳು ಹನ್ನೊಂದು.
"ಮತ್ತೆ ಸೀಲ್ ಮಾಡಿ."

ಮೇಣದ ಬತ್ತಿ ಹಚ್ಚಿದೆ. ಕಡ್ಡಿ ಬಾಗಿ, ತೊಟ್ಟಿಕ್ಕಿ,
ಲಕೋಟೆಯ ಬಾಯಿ ಮೇಲೆ ಕೆಂಪಗೆ ಹರಡಿತು.
ಮುದ್ರೆ ಒತ್ತಿದೆ. ನಾಲ್ಕು ಸಿಂಹ,
ಕಾಣುವುದು ಯಾವಾಗಲೂ ಮೂರೇ.
ಮೊದಲ ಸಲ ಬೆರಳು ಸುಟ್ಟಿತು.

ಸಂಜೆ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದೆ.
ಯಾಕೆ ಎಂದು ನನಗೇ ಗೊತ್ತಿಲ್ಲ.
ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಶೇಂಗಾ ಕೊಟ್ಟಳು,
ಆ ಹೊಲದ್ದೇ.
ಬಸ್ ಹತ್ತುವಾಗ ತಿರುಗಿ ಅಂದಳು:
"ಅವ್ರು ಎಲ್ಲ ಹೊತ್ಕಂಡು ಹೋದ್ರು.
ರೆಕ್ಕೆದು ಒಂದು ತುಂಡು ಮಾತ್ರ ಮರ್ತವ್ರೆ.
ಕುರಿಮರಿ ಗೂಡಿಗೆ ಮುಚ್ಚಳ ಮಾಡೀನಿ.
ಅದನ್ನೂ ತಂದು ಒಪ್ಪಿಸ್ಲಾ?"

ನಾನು ಆ ಕಡೆ ಈ ಕಡೆ ನೋಡಿದೆ.
ಕಂಡಕ್ಟರ್ ಸೀಟಿ ಊದಿದ.
"ಮರಿಗಳು ಭದ್ರವಾಗಿದಾವಾ?" ಎಂದಷ್ಟೇ ಕೇಳಿದೆ.

"ಹ್ಞೂಂ" ಅಂದಳು ಕಿಟಕಿಯಿಂದ,
"ತೋಳ ಎರಡು ಸಲ ಬಂದು ವಾಪಸ್ ಹೋತು."